ಮಂಜಿನಲ್ಲಿ ಸಾಂತಪ್ಪನ ‘ಥೂ’

ಸಾಂತಪ್ಪನ ದೋಣಿ ಹತ್ತಲು ಹೋದ ಮೊದಲ ಬೆಳಿಗ್ಗೆಯೇ ನಾನು ದಡದಲ್ಲಿ ಕಾಲು ಜಾರಿ ಕೂತುಬಿಟ್ಟೆ. ಕೂತದ್ದು ಬರೀ ಕೆಸರಿನ ಮೇಲಲ್ಲ. ಆಗಷ್ಟೇ ಎಮ್ಮೆಗಳು ನೀರು ಕುಡಿದು, ತಮ್ಮ ಪಾಲಿನದನ್ನು ಅಲ್ಲಿಯೇ ಬಿಟ್ಟು ಹೋಗಿದ್ದವು. ಉಟ್ಟದ್ದು ಹೊಸ ಬಿಳಿ ಪಂಚೆ. ಮಂಜು ದಟ್ಟವಾಗಿದೆ, ಯಾರೂ ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಹೊಳೆಯ ನಡುವಿನಿಂದ ಯಾರೋ “ಥೂ!” ಅಂದರು. ಮರುಕ್ಷಣವೇ ಆಚೆ ದಡದಿಂದಲೂ “ಥೂ!” ಎಂದು ಬಂತು. ನೆಲ್ಯಹುದಿಕೇರಿ ಶಾಲೆಗೆ ಹೊಸದಾಗಿ ಬಂದ ಮೇಷ್ಟರ ಬಗ್ಗೆ ಕಾವೇರಿಯ ಎರಡೂ ದಡಗಳಿಗೆ ಒಂದೇ ಅಭಿಪ್ರಾಯವಿದ್ದಂತಿತ್ತು.

ಮಂಜನ್ನು ಸೀಳಿಕೊಂಡು ದೋಣಿ ಬಂತು. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡ ಒಣಕಲು ಆಳೊಬ್ಬ ನನ್ನನ್ನು ನೋಡಿದ.

“ಯಾಕ್ ಮೇಷ್ಟ್ರೇ ಅಲ್ ಕೂತಿದ್ದೀರಿ? ದೋಣಿ ಒಳಗೆ ಜಾಗ ಅದೆ.”

“ನನಗೆ ಥೂ ಅಂದವನು ನೀನೇ ಏನಯ್ಯ?”

“ನಿಮ್ಗಲ್ಲ, ಗೋಡೆಗೆ.”

ಗೋಡೆ ಎಂದರೆ ಆಚೆ ದಡದಲ್ಲಿ, ದೋಣಿ ಕಟ್ಟುವ ಜಾಗದ ನೆತ್ತಿಗೇ ಇದ್ದ ಎಸ್ಟೇಟಿನ ಕಾಫಿ ಗೋದಾಮು. ಅದಕ್ಕೆ ಸುತ್ತಲೂ ತಗಡು ಹೊಡೆದಿದ್ದರು. ಚಳಿಗಾಲದ ಬೆಳಿಗ್ಗೆಗಳಲ್ಲಿ ತನ್ನ ಮೂಗೇ ತನಗೆ ಕಾಣದಂಥ ಮಂಜಿನಲ್ಲಿ ಸಾಂತಪ್ಪ ನಡುಹೊಳೆಯಲ್ಲಿ ನಿಂತು ಒಂದೊಂದು ದಿಕ್ಕಿಗೂ ಒಂದೊಂದು “ಥೂ” ಎಸೆಯುತ್ತಿದ್ದ. ಎಸೆದು ಕಿವಿಗೊಡುತ್ತಿದ್ದ.

“ತಗಡಿಗೆ ಬಿದ್ರೆ ಹೋದಂಗೇ ವಾಪಸ್ ಬತ್ತದೆ. ಬಿದಿರು ಮೆಳೆಗೆ ಬಿದ್ರೆ ಚಿಂದಿಚಿಂದಿ ಆಗಿ ಬತ್ತದೆ. ಹೊಳೆ ಉದ್ದಕ್ಕೆ ಹೋದ್ರೆ ಬರೋದೇ ಇಲ್ಲ. ತಟ್ಟನೆ ಬಂದ್ರೆ ದಡ ಹತ್ರ, ನಿಧಾನ ಮಾಡಿದ್ರೆ ದೂರ. ಅಷ್ಟೇಯ.”

“ಅದಕ್ಕೆ ಇಂಥ ಹೊಲಸು ಮಾತೇ ಆಗಬೇಕೇ?”

“ಉದ್ದಕೆ ಕೂಗಿದ್ರೆ ನಮ್ ಬಾಯಿ ಮುಚ್ಚೋದ್ರೊಳಗೆ ಅದು ಬಂದು ಹೋಗಿರ್ತದೆ, ಕೇಳೋರ್ಯಾರು? ಮಾತು ಗಿಡ್ಡ ಇರ್ಬೇಕು, ಎದೆಯಿಂದ ಬರ್ಬೇಕು. ನನ್ನೆದೇಲಿ ಇರೋ ಗಿಡ್ಡ ಮಾತು ಇದೊಂದೇ.”

ಆ ಮಾತು ನಿಜವೇ. ಅರಕಲಗೂಡು ಕಡೆಯಿಂದ ಬಂದು ಎಸ್ಟೇಟಿನ ಕೂಲಿಯಾಳುಗಳ ಲೈನು ಮನೆಯಲ್ಲಿ ಬೆಳೆದವನು ಅವನು. ಕಾಫಿ ಹಣ್ಣು ಕೀಳುತ್ತಿದ್ದಾಗ, ಲೆಕ್ಕ ಬರೆಯುವ ರೈಟರಿಗೆ ಥೂ ಅಂದು ಕೆಲಸ ಬಿಟ್ಟು, ದೋಣಿ ಹಿಡಿದಿದ್ದ. ಕೊಡಗೇ ಒಂದು ಪ್ರತ್ಯೇಕ ರಾಜ್ಯವಾಗಿದ್ದ ದಿನಗಳು ಅವು. ಇಡೀ ರಾಜ್ಯಕ್ಕೆ ಇಬ್ಬರೇ ಮಂತ್ರಿಗಳಿದ್ದರೂ ಅವರ ಮಾತೆತ್ತಿದರೆ ಇಪ್ಪತ್ತು ಮಂದಿಗೆ ಸಾಲುವಷ್ಟು ಉಗುಳುತ್ತಿದ್ದ. ನನಗೆ ಅವನೆಂದರೆ ವಾಕರಿಕೆ. ಅವನ ‘ಥೂ’ ಗೋಡೆಗೆ ಹೋಗಿ ವಾಪಸ್ ಬರುತ್ತಿತ್ತು. ಅದರ ಜೊತೆ ಹೊರಟ ಎಲೆಅಡಿಕೆಯ ತುಂತುರು ಮಾತ್ರ ಅಷ್ಟು ದೂರ ಹೋಗದೆ ನನ್ನ ಅಂಗಿಯ ಮೇಲೇ ಉಳಿಯುತ್ತಿತ್ತು. ಆದರೂ ದಿನವೂ ಹತ್ತುತ್ತಿದ್ದೆ. ನನಗೆ ಈಜು ಬರುವುದಿಲ್ಲ.

ಗೋದಾಮಿನ ಪಕ್ಕದಲ್ಲೇ ಅವನ ಮನೆ. ಮಗಳು ಮುದ್ದಿ ಮದುವೆಯ ವಯಸ್ಸಿಗೆ ಬಂದಿದ್ದಳು. ನೋಡಲು ಬಂದ ಎರಡು ಗಂಡುಗಳೂ, ಹುಡುಗಿಯ ಮನೆ ಕಡೆಗೆ ಮುಖ ಮಾಡಿ ಅಪ್ಪನೇ ಉಗಿಯುವುದನ್ನು ಕೇಳಿ, ಇದೆಂಥ ಅಪಶಕುನ ಎಂದು ಕೈತೊಳೆದುಕೊಂಡಿದ್ದರು. ಮೂರನೆಯವರು ಶಿರಂಗಾಲದಿಂದ ಬರುವವರಿದ್ದರು. ಇದೂ ತಪ್ಪಿದರೆ ಇನ್ನು ಯಾರೂ ಈ ಹೊಳೆ ದಾಟುವುದಿಲ್ಲ ಎಂದು ಅವನ ಹೆಂಡತಿ ಸಿದ್ದಮ್ಮ ಹೌಹಾರಿದ್ದಳು.

“ಉಗ್ದು ಉಗ್ದು ಎರಡು ಗಂಡು ಓಡಿಸ್ದೆ. ನಾಳೆ ಒಂದಿನ ಆ ಬಚ್ಚಲು ಬಾಯಿ ಮುಚ್ಕೋ.”

“ಮಂಜಿದ್ರೆ?”

“ಮಂಜಿದ್ರೆ ಗೋವಿಂದ ಅನ್ನು!”

ಮಗಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿದಳು. ಕಾವಲಿಗೆ ನನ್ನನ್ನೂ ದೋಣಿ ಹತ್ತಿಸಿದಳು.

ಮರುದಿನ ಮಂಜಿತ್ತು. ದೋಣಿಯಲ್ಲಿ ಹುಡುಗ, ರೇಷ್ಮೆ ಸೀರೆ ಉಟ್ಟ ಅವನ ಸೋದರತ್ತೆ ಹುಚ್ಚಮ್ಮ, ಆಕೆಯ ತೊಡೆಯ ಮೇಲೆ ಹೂವು ಹಣ್ಣಿನ ತಟ್ಟೆ, ಪಕ್ಕದಲ್ಲಿ ನಾನು. ಬಾಯಿ ತೊಳೆದುಕೊಂಡು ಬಂದಿದ್ದ ಸಾಂತಪ್ಪ ನಡುಹೊಳೆಯಲ್ಲಿ “ಗೋ…ವಿಂ…ದಾ…” ಎಂದ. ಹುಚ್ಚಮ್ಮ ಭಕ್ತಿಯಿಂದ ಕೈಮುಗಿದು ತಾನೂ “ಗೋ…ವಿಂದಾ” ಎಂದಳು. ಹುಡುಗನೂ ದನಿಗೂಡಿಸಿದ. ಹೋದ ಗೋವಿಂದ ಬರುವ ಗೋವಿಂದನ ಮೇಲೆ ಬಿದ್ದು, ಹೊಳೆ ತುಂಬ ಒಂದೇ ಗದ್ದಲ.

“ಬೀಗರು ಒಳ್ಳೇ ದೈವಭಕ್ತರು,” ಎಂದಳು ಹುಚ್ಚಮ್ಮ.

ಆ ಚಳಿಯಲ್ಲೂ ಬೆವತಿದ್ದ ಸಾಂತಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. “ಎಲ್ಲ ಕಡೆಯಿಂದ್ಲೂ ಗೋವಿಂದನೇ ಬತ್ತಾವ್ನೆ ಮೇಷ್ಟ್ರೇ, ಗೋಡೆ ಎಲ್ಲೋಯ್ತೋ.”

ಕೊನೆಗೆ ದೋಣಿ ಮೆತ್ತಗೆ ಯಾವುದಕ್ಕೋ ತಾಗಿ ನಿಂತಿತು. ದಡ ಬಂತೆಂದು ಎಲ್ಲರೂ ಇಳಿದೆವು. ಮೊಣಕಾಲವರೆಗೆ ಇಳಿದೇ ಹೋದೆವು. ಅದು ಎಸ್ಟೇಟಿನವರು ಕಾಫಿ ಹಣ್ಣು ಸುಲಿದು, ಸಿಪ್ಪೆಯನ್ನೂ ಲೋಳೆನೀರನ್ನೂ ಹೊಳೆಗೆ ಬಿಡುವ ಮೋರಿಯ ಬಾಯಿ. ವಾರಗಟ್ಟಲೆ ಕೊಳೆತು ಕಪ್ಪಾದ ಸಿಪ್ಪೆ, ಅದರ ಮೇಲೆ ಮಿಜಿಮಿಜಿ ಹುಳು, ಹುಳಿಹೆಂಡಕ್ಕೆ ಸತ್ತ ಇಲಿ ಬೆರೆಸಿದಂಥ ನಾತ. ತಿಂದ ಕಡುಬು ನನ್ನ ಗಂಟಲಿಗೆ ಬಂದು ನಿಂತಿತು. ಹುಡುಗ ಜಾರಿದ. ಅವನನ್ನು ಹಿಡಿಯಹೋಗಿ ಹುಚ್ಚಮ್ಮ ತಟ್ಟೆ ಸಮೇತ ಕೂತಳು.

“ಥೂ!” ಎಂದಳು ಆಕೆ.

ಎಡಗಡೆಯಿಂದ ತೊಳೆದಿಟ್ಟಷ್ಟು ಚೊಕ್ಕಟವಾಗಿ “ಥೂ!” ಎಂದು ಬಂತು.

ಸಾಂತಪ್ಪನ ಮುಖ ಅರಳಿತು. “ಅಮ್ಮಾ, ಇನ್ನೊಂದ್ಸಲ ಅನ್ನಿ.”

“ಏನಂದೆ?”

“ಅದೇ. ಆ ಕಡೆ ಮುಖ ಮಾಡಿ ಅನ್ನಿ.”

ಹುಚ್ಚಮ್ಮನಿಗೆ ಪುಸಲಾಯಿಸುವ ಅಗತ್ಯವಿರಲಿಲ್ಲ. ಸೀರೆಯಿಂದ ಹುಳು ಕೊಡವಿದಾಗೊಂದು, ಸೋದರಳಿಯನ ಮೈ ಮೂಸಿದಾಗೊಂದು, ನನ್ನನ್ನು ನೋಡಿದಾಗೊಂದು. ಎಲ್ಲರೂ ಮತ್ತೆ ಹತ್ತಿದ ಮೇಲೆ, ಆ ‘ಥೂ’ಗಳು ಮರಳುವ ಜಾಡು ಹಿಡಿದು ದೋಣಿ ಸಾಗಿತು. ದಡದಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದ ಸಿದ್ದಮ್ಮನಿಗೆ ಮೊದಲು ಕೇಳಿಸಿದ್ದು, ತನ್ನ ಮನೆಗೆ ಉಗಿಯುತ್ತಲೇ ಹತ್ತಿರವಾಗುತ್ತಿರುವ ಬೀಗಿತ್ತಿಯ ದನಿ.

ಬಿಸಿನೀರು, ಸೀಗೆಪುಡಿ ಎಲ್ಲ ಸುರಿದರೂ ನಾತ ಹೋಗಲಿಲ್ಲ. ಒಳಗೆ ಕೂರಿಸುವ ಹಾಗಿಲ್ಲದೆ ಅಂಗಳದಲ್ಲೇ ಚಾಪೆ ಹಾಕಿದರು. ಮುದ್ದಿ ತಲೆ ತಗ್ಗಿಸಿ ಬಂದು ಹುಡುಗನ ಮುಂದೆ ಲೋಟ ಹಿಡಿದಳು. ಹಬೆಯಾಡುವ ಕಾಫಿ. ಹುಡುಗ ಅದನ್ನೊಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ಬೇಲಿಯ ಹಿಂದಕ್ಕೆ ಓಡಿದ. ಅವನ ಹಿಂದೆ ನಾನೂ ಓಡಿದೆ. ಮುದ್ದಿ ಒಂದು ಚೆಂಬು ನೀರು ತಂದು, ನನ್ನನ್ನು ದಾಟಿ ಹೋಗಿ, ಅವನ ಹಣೆ ಹಿಡಿದುಕೊಂಡಳು.

ಹುಚ್ಚಮ್ಮ ಹೇಳಿ ಕಳಿಸುತ್ತೇವೆ ಎಂದಷ್ಟೇ ಹೇಳಿ ಹೊರಟಳು. ಆಮೇಲೆ ಎಷ್ಟೋ ದಿನ ಸಾಂತಪ್ಪನ ಎದುರು ಆ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ. ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟೆ:

“ಶಿರಂಗಾಲದವರು ಏನಂದರು ಸಾಂತಪ್ಪ?”

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

“ಹುಡುಗಿ ಒಪ್ಪಿಗೆ ಅಂತೆ. ದಿಬ್ಬಣದೋರಿಗೆ ಕಾಫಿ ಬ್ಯಾಡ, ಮಜ್ಜಿಗೆ ಕೊಟ್ರೆ ಸಾಕಂತೆ.”