ಬಾಯಿ ಮುಚ್ಚರಿ

ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀವೂ ನಂಬಲೇಬೇಕೆಂದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನಿಜಾಮನ ಮೇಲಿನ ಪೋಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಉಮರ್ಗಾದಲ್ಲಿ ಹಾರ್ಮೋನಿಯಂ ನುಡಿಸಿಕೊಂಡಿದ್ದೆ. ಗೆಳೆಯ ರಾಚಪ್ಪ ಉದ್ಗೀರಿನ ಬಟ್ಟೆ ವ್ಯಾಪಾರಿಯ ಮಗ. ಹೈದರಾಬಾದಿನಿಂದ ಬ್ಯಾಟರಿ ಮೇಲೆ ನಡೆಯುವ ಟೇಪ್ ರೆಕಾರ್ಡರ್ ತಂದಿದ್ದ. ಬೀಸುಕಲ್ಲು, ಗಾಣ, ಎತ್ತಿನ ಗಂಟೆಗಳ ಸಪ್ಪಳ ಹಿಡಿದು ಹಾರ್ಮೋನಿಯಂ ಜೊತೆ ಕೂಡಿಸಿ ಹೊಸ ಸಂಗೀತ ಮಾಡುವ ಹುಚ್ಚು ನಮ್ಮಿಬ್ಬರಿಗೂ.

ಗುಂಜೋಟಿಯ ರೈತ ಬಸಲಿಂಗಪ್ಪನ ಬಾವಿಯಲ್ಲಿ ಎತ್ತುಗಳು ತೊಗಲಿನ ಮೋಟ ಎಳೆದು ನೀರೆತ್ತುತ್ತಿದ್ದವು. ಅದರ ಗಾಲಿ ಕಿರುಗುಟ್ಟುವುದನ್ನು ಮಧ್ಯಾಹ್ನ ಟೇಪಿಗೆ ಹಿಡಿದೆವು. ಬಿಸಿಲಿಗೆ ಗಂಟಲು ಒಣಗಿ, ನಾನು ಅದೇ ನೀರನ್ನು ತಂಬಿಗೆಗಟ್ಟಲೆ ಕುಡಿದೆ. ಆಮೇಲೆ ರಾಚಪ್ಪ ಟೇಪು ಹಚ್ಚಿದ. ಗಾಲಿಯ ಸಪ್ಪಳದ ನಡುವೆ ಒಬ್ಬ ಹೆಂಗಸು ಗುಟುಗುಟು ನೀರು ನುಂಗಿ, ಉಸಿರು ಕಟ್ಟಿ, ವಾಂತಿ ಮಾಡಿದಳು. ನಂತರ ಸ್ಪಷ್ಟವಾಗಿ, "ಬಾಯಿ ಮುಚ್ಚರಿ." ಹೊಲದಲ್ಲಿ ಹೆಂಗಸರೇ ಇರಲಿಲ್ಲ.

"ಯಾರೋ ನಮಗ ಸುಮ್ಕಿರ್ರಿ ಅಂತಾಳ," ಎಂದು ರಾಚಪ್ಪ ನಕ್ಕ.

ಬಸಲಿಂಗಪ್ಪ ನಗಲಿಲ್ಲ. ಆ ಕಡೆ ಬಾವಿಗೂ ಬಾಯಿ ಅಂತಲೇ ಅನ್ನುತ್ತಾರೆ. "ನಿಮ್ ಬಾಯಿಗಿ ಅಂದಿಲ್ರೀ, ಈ ನೀರಿನ ಬಾಯಿಗಿ ಅಂದಾಳ. ಪೋಲೀಸ್ ಆ್ಯಕ್ಷನ್ ಗಡಬಡಿ ಆದಾಗ ಒಬ್ಬಾಕಿ ಇದರಾಗ ಜಿಗದಿದ್ಳು. ಹೆಣ ತಗದು, ನೀರ ಚೆಲ್ಲಿ, ಮತ್ತ ಕುಡೀಲಾಕ ಹತ್ತೀವಿ. ಹೊಲಕ್ಕ ಇದೊಂದೇ ನೀರು."

ನಾನು ಬದುವಿನ ಮೇಲೆ ಕೂತು ಕುಡಿದದ್ದನ್ನೆಲ್ಲ ಕಾರಿದೆ. ಅದಕ್ಕಿಂತ ಹೇಸಿಗೆಯಾದದ್ದು ರಾಚಪ್ಪನ ಮುಖ ನೋಡಿ. ಮದುವೆ ಊಟಕ್ಕೆ ಕೂತವನ ಹಾಗೆ ಅರಳಿತ್ತು.

"ಎಷ್ಟ್ ಛಂದ್ ಬಂದದ ನೋಡು. ಇದನ್ನ ಹಾಡಿನಾಗ ಹಾಕಮ್," ಅಂದ. ಥೂ!

ಬಸಲಿಂಗಪ್ಪ ಅವನ ಕೈ ಹಿಡಿದ. "ಅಳಿಸಿಬಿಡ್ರಿ ಅಣ್ಣಾ. ಬಾಯಿ ನಾ ಮುಚ್ತೀನಿ."

ರಾಚಪ್ಪ ಹೂಂ ಅಂದ.

ಬಸಲಿಂಗಪ್ಪ ಆಡಿದಂತೆ ನಡೆದ. ಬಾವಿಗೆ ಮಣ್ಣು ತುಂಬಿಸಿದ, ಕಣ್ಣೆದುರೇ ಅವನ ಕಬ್ಬು ಒಣಗಿತು. ರಾಚಪ್ಪ ಅಳಿಸಲಿಲ್ಲ. ಒಂದು ಸಂಜೆ ಉದ್ಗೀರಿನಲ್ಲಿ ಅಂಗಡಿಯ ಮಾಳಿಗೆ ಮೇಲೆ ಗೆಳೆಯರನ್ನು ಕೂಡಿಸಿ, ನಾನು ಬೇಡವೆಂದರೂ ಕೇಳದೆ, ಅದೇ ಟೇಪು ಹಚ್ಚಿದ. ಆಕೆಯ ಉಸಿರು ಕಟ್ಟಿದಾಗ ಯಾರೋ ತಲೆದೂಗಿ "ವಾಹ್ವಾ" ಅಂದರು. ಎಲೆಯಡಿಕೆ ಜಗಿಯುತ್ತ ಅದನ್ನು ಸವಿಯುತ್ತಿದ್ದ ಆ ಬಾಯಿಗಳನ್ನು ನೆನೆದರೆ ಇವತ್ತಿಗೂ ಓಕರಿಕೆ ಬರುತ್ತದೆ.

ಆಮೇಲೆ ಆ ದನಿ ಬಂತು. "ಬಾಯಿ ಮುಚ್ಚೋ."

ಮುಚ್ಚರಿ ಅಲ್ಲ, ಮುಚ್ಚೋ. ಒಬ್ಬನಿಗೇ ಅಂದಂತಿತ್ತು. ರಾಚಪ್ಪನ ಕೈ ಗುಂಡಿಯ ಮೇಲೇ ನಿಂತುಬಿಟ್ಟಿತು.

ಅದೇ ಟೇಪು, ಅದೇ ದನಿ. ಮೊದಲಿದ್ದ 'ರಿ' ಎಲ್ಲಿ ಹೋಯಿತೋ ನನಗೆ ಇನ್ನೂ ತಿಳಿದಿಲ್ಲ. ಬಾವಿಯನ್ನಂತೂ ಬಸಲಿಂಗಪ್ಪ ಅಷ್ಟರೊಳಗೆ ಮುಚ್ಚಿ ಆಗಿತ್ತು.