ಬುಟ್ಟಿಯಲ್ಲಿದ್ದ ಕಡಕ್ ರೊಟ್ಟಿ

ಈಗ ಚೆನ್ನಾಗಿದ್ದೇನೆ. ಮುಖ್ಯ ಸಂಗತಿ ಮೊದಲು ಬರೆಯುವುದು ಸುದ್ದಿಮನೆಯಲ್ಲಿ ಕಲಿತ ಅಭ್ಯಾಸ.

ಐದನೇ ತಿಂಗಳಲ್ಲಿ, ನ್ಯೂಯಾರ್ಕ್‌ನ ಆಫೀಸಿಗೆ ಹೊರಟಿದ್ದಾಗ, ಬಸಿರಿನ ನೀರುಚೀಲ ಒಡೆಯಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಚಳಿಜ್ವರ. ಸ್ಕ್ಯಾನ್‌ನಲ್ಲಿ ಹಾರ್ಟ್‌ಬೀಟ್ ಇತ್ತು. ಮಗು ಉಳಿಯುವುದಿಲ್ಲ, ಇನ್‌ಫೆಕ್ಷನ್ ಏರುತ್ತಿದೆ, ಕಾದರೆ ನಿಮ್ಮ ಜೀವಕ್ಕೇ ಅಪಾಯ ಎಂದರು ಡಾಕ್ಟರ್.

ಗರ್ಭಪಾತಕ್ಕೆ ಒಪ್ಪಿದೆ.

ಪೋಲೆಂಡಿನಲ್ಲಿ ಗರ್ಭಪಾತದ ಕಾನೂನು ಬಿಗಿಯಾದಾಗ ಬೀದಿಗಿಳಿದ ಹೆಂಗಸರ ವರದಿಗಳನ್ನು ನಾನೇ ತಿದ್ದಿದ್ದೆ. ನ್ಯೂಯಾರ್ಕ್ ಹತ್ತಿರದ ಲಿಂಡನ್ ಊರಿನಲ್ಲಿ ನಮ್ಮ ಬಾಡಿಗೆ ಮನೆಯ ಒಡತಿ, ಕೆಳಗಿನ ಮಹಡಿಯ ಹಲಿನಾ ಆಂಟಿ, ಆ ದೇಶದವರು. ಆಗ ಆ ಕಾನೂನಿನ ಬಗ್ಗೆ ಅವರನ್ನು ಕೇಳಿದ್ದೆ. ನೆರೆಯ ರಾಜ್ಯಗಳು ಹಂಚಿಕೊಂಡು ಭೂಪಟದಲ್ಲಿ ನಮ್ಮ ದೇಶವೇ ಇಲ್ಲದ ಕಾಲದಲ್ಲಿ ನಮ್ಮನ್ನು ಉಳಿಸಿದ್ದು ಚರ್ಚು, ಅದು ಬೇಡವೆಂದದ್ದು ನಮಗೂ ಬೇಡ ಎಂದಿದ್ದರು. ನನ್ನ ಮಗುವಿಗೆಂದು ಟೊಪ್ಪಿಗೆ ಹೆಣೆಯುತ್ತಿದ್ದವರೂ ಅವರೇ.

"ತಾನ ಹೋತು ಅಂದ್ಬಿಡು," ಎಂದ ಗಂಡ ಬಸು. "ಮುದುಕಿಗೆ ಯಾಕ ಸಂಕಟ?"

ಮನೆಗೆ ಮರಳಿದ ಮೇಲೆ, ನೋಡಲು ಬಂದ ಆಂಟಿಗೆ ನಡೆದದ್ದನ್ನು ನಡೆದಂತೆಯೇ ಹೇಳಿದೆ. ಆಂಟಿ ಕೇಳಿಸಿಕೊಂಡರು. ತಂದಿದ್ದ ಸೂಪನ್ನು ಮೇಜಿನ ಮೇಲಿಟ್ಟು ಇಳಿದು ಹೋದರು.

ಮತ್ತೆ ಬರಲಿಲ್ಲ.

ಜ್ವರ ಇಳಿಯಿತು. ಎದೆಯಲ್ಲಿ ಹಾಲು ಬಂತು, ಬತ್ತಿತು. ಒಂದೇ ಮಧ್ಯಾಹ್ನದಲ್ಲಿ ಮಗುವನ್ನು ನೆನೆದು ಅಳುವೂ ಬಂತು, ಬದುಕಿದ ದೇಹಕ್ಕೆ ವಿಪರೀತ ಹಸಿವೂ ಆಯಿತು. ಆದರೆ ಕಿವಿ ಮಾತ್ರ ಮೆಟ್ಟಿಲ ಕಡೆಗೇ ಇತ್ತು. ತವರು ದೂರವಿರುವ ನನಗೆ ಈ ಊರಿನಲ್ಲಿದ್ದ ಹಿರಿಯರು ಅವರೊಬ್ಬರೇ.

ಈಸ್ಟರ್ ದಿನ ಬೆಳಿಗ್ಗೆ ಬುಟ್ಟಿ ಹಿಡಿದು ಮೇಲೆ ಬಂದರು. ಹಿಂದಿನ ದಿನ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ತಿಂಡಿಯನ್ನು ಮನೆಯವರೆಲ್ಲ ಹಂಚಿ ತಿನ್ನುವುದು ಅವರ ಪದ್ಧತಿ. ಒಳಗೆ ಮೊಟ್ಟೆಗಳಿದ್ದವು. ನಾವು ಮೊಟ್ಟೆ ತಿನ್ನುವುದಿಲ್ಲವೆಂದು, ಹಿಂದೆ ನಾನು ಕೊಟ್ಟಿದ್ದ ಧಾರವಾಡದ ಕಡಕ್ ರೊಟ್ಟಿಯನ್ನೂ ಇಟ್ಟಿದ್ದರು.

"ಇದೇನು ಅಂತ ಪಾದ್ರಿ ಕೇಳಿದರು. ನಮ್ಮ ಮನೆಯ ಬ್ರೆಡ್ ಅಂದೆ."

ಹಂಚಲೆಂದು ಮುರಿದರು. ರೊಟ್ಟಿ ಪಟಪಟನೆ ಪುಡಿಯಾಗಿ ಕಾರ್ಪೆಟ್ ತುಂಬ ಚೆಲ್ಲಿತು. ಆಶೀರ್ವಾದವಾದದ್ದರ ಒಂದು ಚೂರೂ ಕಸಕ್ಕೆ ಹೋಗಬಾರದಂತೆ. ಮೂವರೂ ಮೊಣಕಾಲೂರಿ ಹೆಕ್ಕತೊಡಗಿದೆವು. ಬಸು ಸೋಫಾದಡಿ ತಲೆ ತೂರಿಸಿ, "ಇಲ್ಲಿ ಇರುವಿಗೂ ಈಸ್ಟರ್ ಆಗೇತಿ," ಎಂದ. ಹೊಟ್ಟೆ ಇನ್ನೂ ನೋಯುತ್ತಿತ್ತು. ಅದನ್ನು ಹಿಡಿದುಕೊಂಡೇ ನಕ್ಕೆ. ಏನೂ ಅರ್ಥವಾಗದ ಆಂಟಿಯೂ ನಕ್ಕರು.

"ಕಾನೂನಿನ ವಿಷಯದಲ್ಲಿ ನಾನು ಬದಲಾಗಿಲ್ಲ," ಎಂದರು ಆಮೇಲೆ, ನೆಲ ನೋಡುತ್ತಲೇ. "ನೀನು ಇದ್ದೀಯಲ್ಲ, ಅದಕ್ಕೆ ಖುಷಿ."

"ನಾನೂ ಬದಲಾಗಿಲ್ಲ ಆಂಟಿ. ನಿಮ್ಮ ಮೊಣಕಾಲ ಹತ್ತಿರ ಇನ್ನೊಂದು ಚೂರಿದೆ."

ಹೆಕ್ಕಿ, ಊದಿ, ನನ್ನ ಬಾಯಿಗೇ ಇಟ್ಟರು.