ಒಂದೇ ಏಟು

ಕೊಲೆ ಮಾಡಿದವನ ಮುಖ ಸಿನಿಮಾದಲ್ಲಿ ತೋರಿಸುವ ಹಾಗೆ ಇರುವುದಿಲ್ಲ. ಹನುಮಂತರಾಜುವಿನ ನೆತ್ತಿ ಬೋಳಾಗಿದೆ, ಮುಂದಿನ ಹಲ್ಲು ಬಿದ್ದಿವೆ, ಸಕ್ಕರೆ ಕಾಯಿಲೆಯ ಮಾತ್ರೆ ಸದಾ ಜೇಬಿನಲ್ಲಿರುತ್ತದೆ. ಶಿರಾದ ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊತ್ತು ಅಲ್ಲೇ ಗೋಣಿಚೀಲದ ಮೇಲೆ ಮಲಗುತ್ತಿದ್ದ. ಆದರೂ ಹುಲಿಕುಂಟೆ ಕಡೆಯ ಪಡ್ಡೆಗಳಿಗೆ ಅವನೇ ಹೀರೋ. ಎದುರಿಗೆ ಸಿಕ್ಕರೆ ಭುಜಕ್ಕೆ ಭುಜ ತಾಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಗಬೇಕೋ ಅಳಬೇಕೋ ದೇವರೇ ಬಲ್ಲ.

ಅವನು ಮಾಡಿದ್ದಿಷ್ಟು. ಕುರಿ ಹೊಲಕ್ಕೆ ನುಗ್ಗಿದ ಜಗಳದಲ್ಲಿ, ಸೊಪ್ಪು ಕಡಿಯುವ ಮಚ್ಚಿನಿಂದ ತನ್ನ ಹಟ್ಟಿಯವನೇ ಆದ ಚಿತ್ತಯ್ಯನನ್ನು ಕೊಂದ. ಮಧುಗಿರಿ ಕೋರ್ಟಿನಲ್ಲಿ ಶಿಕ್ಷೆಯಾಯಿತು. ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದರೆ ಹಟ್ಟಿ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಂಡತಿ ವನಜಾಕ್ಷಿ ಬೇಲಿಯವರೆಗೆ ಬಂದು ಮುದ್ದೆ ಸಾರಿನ ಡಬ್ಬಿ ಕೊಟ್ಟು ಹೋಗುತ್ತಿದ್ದಳು. ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು, ಅಷ್ಟೇ ಸಂಸಾರ.

ಕೊನೆಗೆ ಹಟ್ಟಿಯ ಯಜಮಾನ ಮಾರಣ್ಣನಿಗೇ ಮನಸ್ಸು ಕರಗಿತು. ಅವನು ದಾರಿಯೊಂದನ್ನು ಹೇಳಿದ.

"ಸತ್ತೋನ ತಾಯಿ ಜುಂಜಮ್ಮ ನಿನ್ ಕೈಯಿಂದ ಒಂದ್ ಲೋಟ ಮಜ್ಜಿಗೆ ಈಸ್ಕೊಂಡು ಕುಡಿದ್ರೆ ನೀನು ನಮ್ಮೋನು. ಕುಡೀಲಿಲ್ಲ ಅಂದ್ರೆ ಶಿರಾದಾಗೇ ಇದ್ದುಬುಡು. ನಾವ್ ಯಾರೂ ಆಯಮ್ಮನ್ನ ಬಲವಂತ ಮಾಡಾಕಿಲ್ಲ."

ಜುಂಜಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಸೋಮವಾರ ಎಲ್ಲರೂ ಸೇರುವುದೆಂದಾಯಿತು.

ಅಷ್ಟರಲ್ಲಿ ಹನುಮಂತರಾಜುವಿನ ಅಕ್ಕನ ಮಗ ಯುವರಾಜನ ಹುಟ್ಟುಹಬ್ಬ ಬಂತು. ಯುವರಾಜ್ ಹಟ್ಟಿಯಲ್ಲೇ ಬೆಳೆದವನು, ಲಗೇಜು ಆಟೋ ಓಡಿಸುತ್ತಾನೆ. ಬಾಡಿಗೆ ಇಲ್ಲದಾಗ ಆಟೋದಲ್ಲೇ ಕಾಲು ಚಾಚಿ ಮೊಬೈಲಿನಲ್ಲಿ ಶೂಟಿಂಗ್ ಗೇಮ್ ಆಡುತ್ತಾನೆ. ಆ ಗೇಮಿನಲ್ಲಿ ಗುಂಡು ತಿಂದವನು ಒಂದು ಸಲ ಮಿಂಚಿ ಮಾಯವಾಗುತ್ತಾನೆ. ಹೆಣ ಹೊರುವ ಕೆಲಸವಿಲ್ಲ, ಅಳುವವರೂ ಇಲ್ಲ.

"ಮಾವ, ನೀನು ಬರ್ಲೇಬೇಕು" ಎಂದು ಗಂಟುಬಿದ್ದ. ಹೋಗದಿದ್ದರೆ ಅಕ್ಕ ನೊಂದುಕೊಳ್ಳುತ್ತಾಳೆಂದು ಹನುಮಂತರಾಜು ಹೋದ. ಹುಲಿಕುಂಟೆ ರಸ್ತೆಯ ಪಕ್ಕ, ಆಟೋದ ಹಿಂಬದಿಯಲ್ಲಿ ಕೇಕ್ ಇಟ್ಟಿದ್ದರು. ಕೇಕ್ ಕತ್ತರಿಸಲು ಚಾಕುವಿಲ್ಲ, ಉದ್ದನೆಯ ಮಚ್ಚು. ಈಗ ಊರೂರಲ್ಲೂ ಇದೇ ಶೋಕಿ. ಮಚ್ಚಿನಲ್ಲಿ ಕತ್ತರಿಸದಿದ್ದರೆ ಆ ಕೇಕು ಗಂಟಲಲ್ಲಿ ಇಳಿಯುವುದಿಲ್ಲವೇನೋ.

ಅದನ್ನು ಕಂಡದ್ದೇ ಹನುಮಂತರಾಜು ಮುಂದೆ ನುಗ್ಗಿದ. "ಇದ್ನ ಯಾಕ್ಲಾ ತಂದೆ, ಕೊಡಿಲ್ಲಿ" ಎಂದು ಕಿತ್ತುಕೊಂಡು, ಯಾರಿಗೂ ತಾಗದಿರಲೆಂದು ಮೇಲಕ್ಕೆತ್ತಿ, ಆಚೆ ಕೊಂಡುಹೋಗಿ ಇಟ್ಟ.

ಯುವರಾಜನ ಗೆಳೆಯರು ಅದನ್ನು ವಿಡಿಯೋ ಮಾಡಿಕೊಂಡರು. ಅವನು ಬೈದದ್ದನ್ನು ತೆಗೆದುಹಾಕಿ, ನಿಧಾನವಾಗಿ ಓಡುವಂತೆ ಮಾಡಿ, ಎದೆ ನಡುಗಿಸುವ ಸಂಗೀತ ಸೇರಿಸಿದರು. ಮಚ್ಚು ಎತ್ತಿದ ಕೈ, ಕೆಂಡದಂಥ ಕಣ್ಣು. ಮೇಲೆ ದಪ್ಪಕ್ಷರದಲ್ಲಿ: "ಒಂದೇ ಏಟು. ಮಾವ ಈಸ್ ಬ್ಯಾಕ್."

ಮಾರನೆಯ ದಿನ ಬೇಲಿಯ ಹತ್ತಿರ ಬಂದ ವನಜಾಕ್ಷಿಯ ಕೈಯಲ್ಲಿ ಡಬ್ಬಿ ಇರಲಿಲ್ಲ. "ಜುಂಜಮ್ಮಂಗೆ ಮೊಮ್ಮಗಳು ಆ ಹುಡುಗ್ರು ಮಾಡಿರೋ ವಿಡಿಯೋ ತೋರ್ಸವ್ಳೆ. ಮೇಲೆ ಬರೆದಿರೋದ್ನೂ ಓದಿ ಹೇಳವ್ಳೆ. ಆಯಮ್ಮ ಮಾತೇ ಆಡ್ತಿಲ್ಲ" ಎಂದಳು. ಹನುಮಂತರಾಜು ಖಾಲಿ ಕೈಯಲ್ಲಿ ಮಿಲ್ಲಿಗೆ ಹಿಂತಿರುಗಿದ. ಸೋಮವಾರ ಎಲ್ಲರೆದುರು, ಆ ಪಡ್ಡೆಗಳು ಕೇಳುವಂತೆ, ಚಿತ್ತಯ್ಯನನ್ನು ಕೊಂದ ದಿನ ನಡೆದದ್ದನ್ನು ಒಂದೂ ಬಿಡದೆ ಹೇಳಿಬಿಡಬೇಕೆಂದುಕೊಂಡ. ಕೋರ್ಟಿನಲ್ಲಿ ವಕೀಲರು ಬಾಯಿ ಬಿಡಬೇಡ ಅಂದಿದ್ದರು. ಆಮೇಲೆ ಯಾರೂ ಕೇಳಿರಲಿಲ್ಲ. ಅದನ್ನು ಕೇಳಿಸಿಕೊಂಡರೆ ಪಡ್ಡೆಗಳ ಶೋಕಿ ಇಳಿಯುತ್ತದೆ, ತನ್ನನ್ನು ಹಟ್ಟಿಗೆ ಸೇರಿಸಿಕೊಳ್ಳಲಿ ಬಿಡಲಿ ಎಂದು ಗಟ್ಟಿ ಮನಸ್ಸು ಮಾಡಿದ.

ಸೋಮವಾರ ಹಟ್ಟಿಯ ಬಾಗಿಲಲ್ಲಿ ಜನ ಸೇರಿದ್ದರು. ಜುಂಜಮ್ಮ ಕಂಬಳಿಯ ಮೇಲೆ ಕೂತಿದ್ದಳು. ಯುವರಾಜನೂ ಅವನ ಗೆಳೆಯರೂ ಬೇಲಿಗೆ ಒರಗಿ ನಿಂತಿದ್ದರು. ವನಜಾಕ್ಷಿ ತಂದುಕೊಟ್ಟ ಮಜ್ಜಿಗೆಯ ಲೋಟ ಹಿಡಿದು ಹನುಮಂತರಾಜು ಮುದುಕಿಯ ಮುಂದೆ ಮಂಡಿಯೂರಿದ. ಅವಳು ಕೈ ಚಾಚಲಿಲ್ಲ.

"ಆ ಫೋನ್ನಾಗೆ ಬರೆದವ್ರಲ್ಲಪ್ಪ" ಎಂದಳು. "ಒಂದೇ ಏಟು ಅಂತ. ಅದು ನಿಜವಾ?"

ಹನುಮಂತರಾಜು ಬಾಯಿ ತೆರೆದ. ಹೇಳಬೇಕೆಂದಿದ್ದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದೇ ಏಟಲ್ಲ. ಎಷ್ಟೆಂದು ಅವನಿಗೇ ತಿಳಿಯದು. ಚಿತ್ತಯ್ಯ ಬದುವಿನ ಪಕ್ಕ ಬಿದ್ದು, ಹೊತ್ತು ಮುಳುಗುವವರೆಗೂ ಜೀವ ಹಿಡಿದುಕೊಂಡಿದ್ದ. ನೀರು ಕೇಳಿದ. ಅವ್ವಾ ಅವ್ವಾ ಎಂದು ಕರೆದ. ಹನುಮಂತರಾಜು ಕೊಡಲೂ ಇಲ್ಲ, ಓಡಲೂ ಇಲ್ಲ. ಜಾಲಿಯ ಮರೆಯಲ್ಲಿ ಕೂತು ಉಚ್ಚೆ ಹೊಯ್ದುಕೊಂಡ.

ಮುದುಕಿ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. "ಹೆಣಾನ ಬಟ್ಟೆ ಸುತ್ತೇ ತಂದ್ರು. ಇಷ್ಟ್ ವರ್ಸ ಆಯ್ತು, ಯಾರೂ ನಂಗೆ ಏನೂ ಹೇಳ್ಲಿಲ್ಲ ಕಣಪ್ಪ. ಎಷ್ಟೊತ್ತು ಒದ್ದಾಡುದ್ನೋ, ನನ್ನೇ ಕೂಗುದ್ನೋ ಅಂತ ನಿದ್ದೆ ಹತ್ತಾಕಿಲ್ಲ. ಮೊಮ್ಮಗಳು ಅದ್ನ ಓದ್ದಾಗ ಒಂಥರಾ ಸಮಾದಾನ ಆತು. ನೀನ್ ಹೇಳುದ್ರೆ ನಂಬ್ತೀನಿ."

ಹನುಮಂತರಾಜು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಹತ್ತಿರಕ್ಕೆ ಚಾಚಿದ.

"ಹೂಂ ಕಣವ್ವ" ಎಂದ. "ಒಂದೇ ಏಟು. ಅವ್ನಿಗೆ ಗೊತ್ತೇ ಆಗ್ಲಿಲ್ಲ."

ಜುಂಜಮ್ಮ ಕಣ್ಣು ಮುಚ್ಚಿ ತಲೆಯಾಡಿಸಿದಳು. ಲೋಟ ತೆಗೆದುಕೊಂಡು ಪೂರ್ತಿ ಕುಡಿದಳು. ಮಾರಣ್ಣ ಎದ್ದು, "ಇನ್ನು ಇವ್ನು ನಮ್ಮೋನು" ಎಂದ. ವನಜಾಕ್ಷಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಹನುಮಂತರಾಜು ಹಟ್ಟಿಯೊಳಗೆ ಕಾಲಿಟ್ಟ.

ಬೇಲಿಯ ಕಡೆಯಿಂದ ಯುವರಾಜನ ದನಿ ಕೇಳಿಸಿತು. ಗೆಳೆಯರಿಗೆ ಹೇಳುತ್ತಿದ್ದ: "ನೋಡುದ್ರೇನ್ಲಾ, ನಮ್ ಮಾವನೇ ಹೇಳ್ಬುಟ್ಟ. ನಾನೇನ್ ಸುಳ್ ಹೇಳಿದ್ನಾ?" ಅವನ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಹನುಮಂತರಾಜು ತಿರುಗಿ ಅವನತ್ತ ಎರಡು ಹೆಜ್ಜೆ ಹಾಕಿದ. ಅಲ್ಲೇ ಪಕ್ಕದಲ್ಲಿ ಜುಂಜಮ್ಮ ಖಾಲಿ ಲೋಟ ಹಿಡಿದು ಕೂತಿದ್ದಳು. ಅವನು ಮತ್ತೆ ತಿರುಗಿ ಮನೆಯ ಕಡೆ ನಡೆದ.